ಒಂದು ಗೇಣು ಮೇಲೆ

ಗುರಿಗಾಗಿ ಗಾಳಿಗೆ ಹಾರಿಸಿದ ಮೂರನೆಯ ಮಣ್ಣಿನ ತಟ್ಟೆಯೂ ನನ್ನ ಗುಂಡಿಗೆ ಸಿಗದೆ ಇಡಿಯಾಗಿ ಹುಲ್ಲಿನ ಮೇಲೆ ಬಿದ್ದಿತು. ಇಟಲಿಯಲ್ಲಿ ನಡೆದ ಅಂತಾರಾಷ್ಟ್ರೀಯ ಶೂಟಿಂಗ್ ಸ್ಪರ್ಧೆ ಅದು. ಇನ್ನೊಂದೇ ಸುತ್ತು ಉಳಿದಿತ್ತು. ಅದರಲ್ಲಿ ಒಂದು ತಪ್ಪಿದರೂ ನನ್ನೂರು ಬೆಳುವಾಯಿಗೆ ವಾಪಸ್.

ವಿರಾಮದಲ್ಲಿ, ನನ್ನ ಹಿಂದೆ ಕುಳಿತು ನೋಡುತ್ತಿದ್ದ ಆ ದೇಶದ ವೃದ್ಧೆಯೊಬ್ಬರು ಹತ್ತಿರ ಬಂದರು. ಅವರೂ ಹಿಂದೆ ಸ್ಪರ್ಧಿಯಾಗಿದ್ದವರಂತೆ. ಹರಕು ಇಂಗ್ಲಿಷಿನಲ್ಲಿ ಕೇಳಿದರು: "ಮೂರು ಸಲವೂ ನಿನ್ನ ಗುಂಡು ಒಂದು ಗೇಣು ಮೇಲೆ ಹೋಯಿತು. ಯಾರನ್ನು ಉಳಿಸುತ್ತಿದ್ದೀಯ?"

ತಟ್ಟನೆ ಅಮ್ಮನ ನೆನಪಾಯಿತು. ಊರಿನ ತೋಟಕ್ಕೆ ಎಳನೀರಿನ ಬೊಂಡ ಕೀಳಲು ಮಂಗಗಳು ಬಂದು, ನಾನು ಕೋವಿ ತೆಗೆದಾಗಲೆಲ್ಲ ಅಮ್ಮ ಹೇಳುತ್ತಿದ್ದುದು ಒಂದೇ ಮಾತು: "ತಾಗಿಸ್ಬೇಡ ಮಾರಾಯ, ಹೆದರಿಸಿದ್ರೆ ಸಾಕು. ಅವಕ್ಕೂ ಮಕ್ಕಳುಂಟು." ಹಾಗಾಗಿ ಇಪ್ಪತ್ತು ವರ್ಷ ಬೇಕೆಂದೇ ಮೇಲಕ್ಕೆ ಹೊಡೆದಿದ್ದೆ. ತರಬೇತಿಯಲ್ಲಿ ಬಿಟ್ಟುಹೋಯಿತೆಂದುಕೊಂಡಿದ್ದ ಆ ಅಭ್ಯಾಸ, ಎದೆ ಹೊಡೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಮರಳಿ ಬಂದಿತ್ತು.

ಕೊನೆಯ ಸುತ್ತಿನಲ್ಲಿ ತಟ್ಟೆ ಹಾರಿದಾಗಲೆಲ್ಲ 'ಇದು ಮಂಗವಲ್ಲ' ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಆ ಸುತ್ತಿನ ಇಪ್ಪತ್ತೈದು ತಟ್ಟೆಗಳೂ ಪುಡಿಯಾದವು. ಪದಕ ಸಿಗಲಿಲ್ಲ, ಆದರೆ ಫೈನಲ್‌ವರೆಗೆ ಹೋದೆ.

ಊರಿಗೆ ಬಂದ ವಾರವೇ ತೋಟಕ್ಕೆ ಮಂಗಗಳು ಇಳಿದವು. ಕೋವಿ ಎತ್ತಿದೆ. ಅದರ ತುದಿ ತಾನಾಗಿಯೇ, ಒಂದು ಗೇಣು ಮೇಲಕ್ಕಲ್ಲ, ಮರಿಯನ್ನು ಅವಚಿಕೊಂಡಿದ್ದ ತಾಯಿಮಂಗದ ಎದೆಗೇ ನೇರವಾಗಿ ಹೋಗಿ ನಿಂತಿತು. ಮೆಲ್ಲನೆ ಕೆಳಗಿಳಿಸಿದೆ. ಅಂದಿನಿಂದ ತಗಡಿನ ಡಬ್ಬ ಬಡಿದೇ ಓಡಿಸುತ್ತೇನೆ.