ಬಾಣಂತಿ ಕೋಣೆಯ ಜೋಳ

ನಮ್ಮ ಮಾವನವರಿಗೆ ಪೇಪರನ್ನು ಮನಸ್ಸಿನಲ್ಲೇ ಓದಿಕೊಳ್ಳುವ ಅಭ್ಯಾಸ ಇರಲಿಲ್ಲ. ಹತ್ತಿ ಮಿಲ್ಲಿನ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡಿದ ಗಂಟಲು ಅವರದು. ನಿವೃತ್ತರಾದ ಮೇಲೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಅಡುಗೆಮನೆಗೂ ಪಕ್ಕದ ಮನೆಗೂ ಒಟ್ಟಿಗೇ ಕೇಳುವಂತೆ ಸುದ್ದಿ ಓದುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಒಂದು ಬೆಳಿಗ್ಗೆ ಅವರು ಹಾಗೆ ಓದಿದ್ದು, ಬೇಡಿಕೆ ಈಡೇರದಿದ್ದರೆ ಬರುವ ತಿಂಗಳಿಂದ ಲಾರಿಗಳು ಓಡುವುದಿಲ್ಲ ಎಂಬ ಸುದ್ದಿಯನ್ನು. ಓದಿ ಮುಗಿಸಿ ಆರಾಮಾಗಿ ಪುಟ ತಿರುವಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ಮಾತ್ರ ನಿಂತುಬಿಟ್ಟಿತು.

ಸುತ್ತಲ ಹೊಲಗಳಿಗೆಲ್ಲ ಕಾಲುವೆ ನೀರು ಬಂದು ಭತ್ತ ಆದ ಮೇಲೆ, ಒಳ್ಳೆ ಬಿಳಿಜೋಳ ಉತ್ತರದ ಕಡೆಯಿಂದ ಲಾರಿಯಲ್ಲೇ ಬರಬೇಕಿತ್ತು. ಲಾರಿ ನಿಂತರೆ ಜೋಳ ಇಲ್ಲ, ಜೋಳ ಇಲ್ಲದಿದ್ದರೆ ರೊಟ್ಟಿ ಇಲ್ಲ. ಇಷ್ಟಾದರೆ ಅತ್ತೆ ಒಂದು ಸಲ ಲಾರಿಯವರನ್ನು ಬೈದು ಸುಮ್ಮನಾಗುತ್ತಿದ್ದರೋ ಏನೋ. ಆದರೆ ಹರಿಹರಕ್ಕೆ ಕೊಟ್ಟಿದ್ದ ಮಗಳು, ಅಂದರೆ ನನ್ನ ನಾದಿನಿ, ಚೊಚ್ಚಲ ಬಸುರಿ. ಸೀಮಂತದ ಕುಬಸದ ಶಾಸ್ತ್ರ ಮುಗಿದಿತ್ತು. ಒಳ್ಳೆ ದಿನ ನೋಡಿ ತವರಿಗೆ ಕರೆದುಕೊಂಡು ಬರುವುದೊಂದು ಬಾಕಿ. ಮುಷ್ಕರವೂ ಬಾಣಂತನವೂ ಒಟ್ಟಿಗೇ ಬಂದರೆ ಏನು ಗತಿ ಎಂದು ಅತ್ತೆ ಕೇಳಿದಾಗ, ಮಾವ ಕನ್ನಡಕ ಒರೆಸಿಕೊಂಡು, ಗೌರ್ಮೆಂಟು ಅದೆ, ನೋಡಿಕೊಳ್ಳುತ್ತದೆ ಎಂದರು. ಗೌರ್ಮೆಂಟು ಬಾಣಂತಿಗೆ ಅಂಟಿನುಂಡೆ ಕಟ್ಟುತ್ತದೆಯೇ ಎಂದು ಕೇಳಿ ಅತ್ತೆ ಆ ಚರ್ಚೆಯನ್ನು ಅಲ್ಲಿಗೇ ಮುಗಿಸಿದರು.

ಮಾರನೆಯ ದಿನದಿಂದ ಸಂಗ್ರಹ ಶುರುವಾಯಿತು. ಮೊದಲ ನಿಯಮ, ಯಾರಿಗೂ ಗೊತ್ತಾಗಬಾರದು. ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, ಈ ವಿಷಯ ನಾಲ್ಕು ಗೋಡೆ ದಾಟಬಾರದು ಎಂದರು. ಆಣೆ ಮಾಡಿಸಿಕೊಳ್ಳುವುದೊಂದು ಬಾಕಿ. ನಾನು ಆಗ ಹರಿಹರದ ಒಂದು ಚಿಕ್ಕ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸಿನಲ್ಲಿ ಓಡಾಡುವವರ ಬಾಯಿ ಮೇಲೆ ಅತ್ತೆಗೆ ಎಂದೂ ನಂಬಿಕೆ ಇರಲಿಲ್ಲ.

ಕಾಳು ಕತ್ತಲಾದ ಮೇಲೆ ಬಂತು. ನಮ್ಮ ಯಜಮಾನರು ಸ್ಕೂಟರಿನ ಮುಂದೆ ಜೋಳದ ಚೀಲ ಇಟ್ಟುಕೊಂಡು, ಕಾಲು ಎರಡೂ ಕಡೆ ಚಾಚಿಕೊಂಡು, ಬೀದಿ ದೀಪ ತಪ್ಪಿಸಿ ಕಳ್ಳರ ಹಾಗೆ ಬಂದಿಳಿದರು. ಕತ್ತಲಲ್ಲಿ ಸ್ಕೂಟರು ಕಾಣದಿದ್ದರೂ ಅದರ ಸದ್ದು ಎಲ್ಲರಿಗೂ ಪರಿಚಯವಿತ್ತು ಅನ್ನುವುದು ಅವರಿಗೆ ಹೊಳೆಯಲಿಲ್ಲ. ಕೊಬ್ಬರಿ, ಬೆಲ್ಲ, ಅಂಟು, ಮೆಂತ್ಯ, ಬೆಳ್ಳುಳ್ಳಿಯ ಗೊಂಚಲು, ಕಡಲೆಬೇಳೆ, ಎಣ್ಣೆಯ ಡಬ್ಬಿ ಎಲ್ಲ ಹೀಗೇ ಬಂದು ಬಚ್ಚಲ ಪಕ್ಕದ ಕೋಣೆ ಸೇರಿದವು. ನನ್ನ ಪಾಲಿಗೆ ಬಿದ್ದದ್ದು ತೊಗರಿಬೇಳೆ. ಶಾಲೆಯ ಚೀಲದಲ್ಲಿ ಮಕ್ಕಳ ಉತ್ತರ ಪತ್ರಿಕೆಗಳ ಕೆಳಗೆ ಅಡಗಿಸಿ ಹರಿಹರದ ಅಂಗಡಿಯಿಂದ ತಂದೆ. ಆ ಸಲ ಕೆಲವು ಮಕ್ಕಳ ಗಣಿತದಲ್ಲಿ ಬೇಳೆ ಸಿಕ್ಕಿತು.

ಮಾವನಿಗೂ ಏನಾದರೂ ಮಾಡಿ ಎಂದು ಒತ್ತಾಯವಾಯಿತು. ಅವರು ಬೆಳಿಗ್ಗೆ ಹೋಗಿ, ಮಂಡಕ್ಕಿ ಭಟ್ಟಿಯಿಂದ ಆಳೆತ್ತರದ ಮಂಡಕ್ಕಿ ಚೀಲ ತಂದರು. ಒಂದಲ್ಲ, ಎರಡು. ಹಗಲು ಹೊತ್ತಿನಲ್ಲಿ, ತಳ್ಳುಗಾಡಿಯ ಮೇಲೆ, ತಾವು ಪಕ್ಕದಲ್ಲಿ ನಡೆಯುತ್ತ, ದಾರಿಯಲ್ಲಿ ಸಿಕ್ಕವರಿಗೆಲ್ಲ ನಮಸ್ಕಾರ ಹೇಳುತ್ತ ಬಂದರು. ದಾವಣಗೆರೆಯವರಿಗೆ ಜಗತ್ತು ಮುಳುಗುತ್ತದೆ ಎಂದರೂ ಮೊದಲು ನೆನಪಾಗುವುದು ಮಂಡಕ್ಕಿಯೇ. ತೂಕವಿಲ್ಲದ ಆ ಎರಡು ಚೀಲ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಾಗ ಅತ್ತೆಯ ಮುಖ ನೋಡುವಂತಿತ್ತು. ಆದರೂ ಬುದ್ಧಿವಂತೆ. ಉಳಿದ ಸಾಮಾನನ್ನು ಹಿಂದೆ ಸರಿಸಿ, ಮುಂದೆ ಮಂಡಕ್ಕಿ ಚೀಲ ನಿಲ್ಲಿಸಿ ಮರೆ ಮಾಡಿಸಿದರು. ಬಂದವರು ಇಣುಕಿದರೂ ಮಂಡಕ್ಕಿ ಮಾತ್ರ ಕಾಣುತ್ತಿತ್ತು.

ಇಷ್ಟೆಲ್ಲ ಗುಟ್ಟು ಮಾಡಿದ ಮೇಲೆ ಅತ್ತೆ ಖಡಕ್ ರೊಟ್ಟಿ ಮಾಡಿಡಲು ಹೊರಟರು. ತೆಳ್ಳಗೆ ಬಡಿದು ಗರಿಗರಿಯಾಗಿ ಒಣಗಿಸಿಟ್ಟರೆ ಆ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಅಷ್ಟು ರೊಟ್ಟಿಯನ್ನು ಒಬ್ಬರೇ ಬಡಿಯುವುದು ನಮ್ಮಲ್ಲಿ ಇಲ್ಲ. ಅದಕ್ಕೆ ಓಣಿಯ ಹೆಂಗಸರು ಬರಬೇಕು, ಒಬ್ಬರು ಹಿಟ್ಟು ನಾದಬೇಕು, ಇಬ್ಬರು ಬಡಿಯಬೇಕು, ಒಬ್ಬರು ಹೆಂಚಿನ ಮುಂದೆ ಕೂರಬೇಕು, ಮಿಕ್ಕವರು ಮಾತಾಡಬೇಕು. ಅತ್ತೆಗೆ ಇದರಲ್ಲಿ ಯಾವ ತೊಡಕೂ ಕಾಣಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ತಾವೇ ಹೋಗಿ ಎಲ್ಲರನ್ನೂ ಕರೆದು ಬಂದರು. ಯಾರಿಗೂ ಹೇಳಬೇಡಿ ಎಂದೂ ಪ್ರತಿ ಬಾಗಿಲಲ್ಲಿ ಹೇಳಿ ಬಂದರು.

ಬಂದವರನ್ನು ಹಾಗೇ ಕಳಿಸುವ ಮನೆಯೂ ಅಲ್ಲ. ಮಧ್ಯಾಹ್ನ ಎಲ್ಲರಿಗೂ ಊಟ, ಸಂಜೆ ಖಾರ ಮಂಡಕ್ಕಿ, ಹೋಗುವಾಗ ಒಬ್ಬೊಬ್ಬರ ಸೆರಗಿನಲ್ಲೂ ಬಿಸಿ ರೊಟ್ಟಿ. ಕೂಡಿಟ್ಟದ್ದರಲ್ಲಿ ಒಂದಷ್ಟು ಆ ದಿನವೇ ಖಾಲಿ. ನಾನು ಶಾಲೆಯಿಂದ ಬಂದು ಈ ಲೆಕ್ಕಾಚಾರದ ಬಗ್ಗೆ ಮೆಲ್ಲಗೆ ಕೇಳಿದರೆ, ಉಣಿಸದೆ ಕಳಿಸೋಕಾಗ್ತದಾ ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಆ ಹೆಂಗಸರು ಮನೆಗೆ ಹೋಗಿ ತಮ್ಮ ಡಬ್ಬಿಗಳ ಮುಚ್ಚಳ ತೆಗೆದು ನೋಡಿರಬೇಕು. ವಾರದೊಳಗೆ ನಮ್ಮ ಓಣಿಯ ಮೂಲೆಯ ಕಿರಾಣಿ ಅಂಗಡಿಯಲ್ಲಿ ಜೋಳ ಇಲ್ಲ, ಬೆಲ್ಲ ಇಲ್ಲ, ಒಳ್ಳೆಣ್ಣೆ ಇಲ್ಲ. ಹೆದ್ದಾರಿಯಲ್ಲಿ ಲಾರಿಗಳು ಹಾರ್ನು ಹೊಡೆದುಕೊಂಡು ಎಂದಿನಂತೆ ಓಡಾಡುತ್ತಲೇ ಇದ್ದವು. ಮುಷ್ಕರ ಇನ್ನೂ ಶುರುವಾಗಿರಲಿಲ್ಲ, ಅಭಾವ ಮಾತ್ರ ನಮ್ಮ ಓಣಿಗೆ ಬಂದು ಕೂತಿತ್ತು. ಅತ್ತೆ ಖಾಲಿ ಅಂಗಡಿ ನೋಡಿ ಬಂದು, ತಮ್ಮ ದೂರದೃಷ್ಟಿಗೆ ತಾವೇ ಬೆರಗಾಗಿ, ನಾ ಹೇಳಿದ್ದೆನೋ ಇಲ್ಲೋ ಎಂದು ಮಾವನನ್ನು ಕೇಳಿದರು.

ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿ ಹರಿಹರ ಮುಟ್ಟಿತ್ತು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ನಾದಿನಿಯನ್ನು ನೋಡಲು ಹೋದೆ. ಅವಳ ಅತ್ತೆ, ನಮಗೆ ಬೀಗಿತ್ತಿ, ಚಹಾ ಕೊಟ್ಟು, ಚಕ್ಕುಲಿ ಕೊಟ್ಟು, ಆಮೇಲೆ ಮಾತು ತೆಗೆದರು. ದಾವಣಗೆರೆಯಲ್ಲಿ ಜೋಳಕ್ಕೆ ಹೊಡೆದಾಟ ನಡೆದಿದೆಯಂತೆ, ಅಂಗಡಿಗಳೆಲ್ಲ ಖಾಲಿಯಂತೆ, ಪಾಪ ನಿಮ್ಮತ್ತೆ ಮಂಡಕ್ಕಿ ತಿಂದುಕೊಂಡು ಇದ್ದಾರಂತೆ. ಇಂಥದರಲ್ಲಿ ಹುಡುಗಿಯನ್ನು ಅಲ್ಲಿಗೆ ಹೇಗೆ ಕಳಿಸುವುದು, ಬಾಣಂತನ ಇಲ್ಲೇ ಆಗಲಿ ಎಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದರು, ಅದೇ ಕಷ್ಟ. ನಾದಿನಿ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಚೊಚ್ಚಲ ಬಾಣಂತನಕ್ಕೆ ತವರಿನ ಬಾಗಿಲು ತಪ್ಪುವುದೆಂದರೆ ಅವಳಿಗೆ ಚಿಕ್ಕ ಮಾತಲ್ಲ.

ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ರೇಗಬಹುದು ಅಂದುಕೊಂಡಿದ್ದೆ. ರೇಗಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟರು. ಎರಡು ದಿನ ಯಾರ ಮೇಲೂ ಸಿಡುಕಲಿಲ್ಲ, ಮಾವ ಜೋರಾಗಿ ಪೇಪರು ಓದಿದರೂ ಕೇಳಿಸಿಕೊಳ್ಳಲಿಲ್ಲ. ಅವರ ಸಿಡುಕಿಲ್ಲದ ಮನೆ ನಮಗೆ ಯಾರಿಗೂ ಒಗ್ಗಲಿಲ್ಲ, ನನಗೆ ನಿಜಕ್ಕೂ ಭಯವಾಯಿತು. ಕೊನೆಗೆ, ಬೀಗಿತ್ತಿಯನ್ನೇ ಊಟಕ್ಕೆ ಕರೆಸಿ ಕೋಣೆ ತೋರಿಸಿಬಿಡೋಣ, ಕಣ್ಣಾರೆ ಕಂಡರೆ ನಂಬುತ್ತಾರೆ ಎಂದು ಯಜಮಾನರು ಹೇಳಿದರು. ಅಷ್ಟು ಗುಟ್ಟಾಗಿ ಕೂಡಿಟ್ಟದ್ದನ್ನು ಬೀಗರಿಗೆ ತೋರಿಸುವುದೇ ಎಂದು ಅತ್ತೆ ಒಂದು ಕ್ಷಣ ಯೋಚಿಸಿದರು. ಮಗಳ ಮುಂದೆ ಗುಟ್ಟು ದೊಡ್ಡದಾಗಲಿಲ್ಲ.

ಬೀಗಿತ್ತಿ ಭಾನುವಾರ ಬಂದರು. ಹೋಳಿಗೆ ಊಟವಾಯಿತು, ಎಲೆ ಅಡಿಕೆಯಾಯಿತು. ಅತ್ತೆ ಎದ್ದು, ಮಾವನ ಕೈಯಿಂದ ಮಂಡಕ್ಕಿ ಚೀಲ ಸರಿಸಿಸಿ, ಬಾಗಿಲು ಪೂರಾ ತೆರೆದರು. ನೆಲದಿಂದ ಕಿಟಕಿಯವರೆಗೆ ಚೀಲ, ಡ್ರಮ್ಮು, ಡಬ್ಬಿ. ಬಟ್ಟೆ ಸುತ್ತಿದ ರೊಟ್ಟಿಯ ಗೋಪುರ. ಮಂಚದ ಮೇಲೆ ಬೆಲ್ಲ, ಮಂಚದ ಕೆಳಗೆ ಬೇಳೆ. ತೊಟ್ಟಿಲು ಕಟ್ಟಬೇಕಿದ್ದ ಕೊಂಡಿಯಿಂದ ಬೆಳ್ಳುಳ್ಳಿ ತೂಗುತ್ತಿತ್ತು. ಬೀಗಿತ್ತಿ ಒಂದೊಂದನ್ನೂ ಸಾವಧಾನವಾಗಿ ನೋಡಿ, ಮೆಚ್ಚಿಕೆಯಿಂದ ತಲೆ ಆಡಿಸಿ, ಅತ್ತೆಯ ಕಡೆ ತಿರುಗಿದರು.

"ಎಲ್ಲಾ ಚಂದಾಗೈತೆ ಅಕ್ಕಾರ. ಹುಡುಗಿ ಎಲ್ಲಿ ಮಲಗ್ತಾಳ?"

ನಮ್ಮ ಮನೆಯಲ್ಲಿ ಗಾಳಿ ಬಡಿಯದ, ಬಚ್ಚಲಿಗೆ ಹತ್ತಿರದ ಕೋಣೆ ಅದೊಂದೇ. ಬಾಣಂತಿಗೆಂದು ಸುಣ್ಣ ಹೊಡೆಸಿದ್ದೂ ಅದಕ್ಕೇ. ಬಾಣಂತಿಗೆ ಬೇಕಾದ ಪ್ರತಿ ಸಾಮಾನನ್ನೂ ಅತ್ತೆ ಆ ಕೋಣೆಯಲ್ಲಿ ತುಂಬಿಸಿದ್ದರು, ಬಾಣಂತಿಗೆ ಮಾತ್ರ ಜಾಗ ಇಟ್ಟಿರಲಿಲ್ಲ. ಇದು ಇಷ್ಟು ದಿನ ನಮ್ಮಲ್ಲಿ ಒಬ್ಬರ ತಲೆಗೂ ಹೋಗಿರಲಿಲ್ಲ. ಮಾವನಿಗೆ ಕೆಮ್ಮು ಬಂತು, ಯಜಮಾನರು ಸ್ಕೂಟರು ನೋಡಿ ಬರುತ್ತೇನೆಂದು ಹೊರಗೆ ಹೋದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಅತ್ತೆ ನಗಲಿಲ್ಲ. ಜೋಳದ ಚೀಲದ ಮೇಲೆ ಕೂತರು. ಬೀಗಿತ್ತಿ ಗಾಬರಿಯಾಗಿ ಪಕ್ಕದ ಚೀಲದ ಮೇಲೆ ಕೂತರು. ಆಮೇಲೆ ಅತ್ತೆ ಯಾರ ಮುಖವನ್ನೂ ನೋಡದೆ ಹೇಳಿದ ಮಾತು, ಮಾವನೂ ಅದುವರೆಗೆ ಕೇಳಿರದ ಮಾತು.

"ನನ್ನ ಚೊಚ್ಚಲ ಬಾಣಂತನದಾಗ ಕಾಳಿಗೆ ಬರ ಇತ್ತು ಅಕ್ಕಾರ. ರೇಷನ್ನಿನ ಕೆಂಪು ಜೋಳ ಬಿಟ್ರ ಏನೂ ಇಲ್ಲ. ನಮ್ಮವ್ವ ಎಲ್ಲಿಂದ ತರ್ತಿದ್ಳೋ, ನನಗ ಬಿಳೀ ರೊಟ್ಟಿನೇ ಹಾಕ್ತಿದ್ಳು. ನಿಂದು ಊಟ ಆತೇನವ್ವ ಅಂದ್ರ, ನಂದಾತು, ನೀ ಉಣ್ಣು ಅನ್ನೋಳು. ದಿನಾ ಹಂಗೇ ಅಂದ್ಳು. ನಾನೂ ನಂಬಿ ಉಂಡೆ. ಕೂಸು ಎತ್ಕೊಂಡು ಗಂಡನ ಮನಿಗೆ ಹೊರಟ ದಿನ ಅರಿಶಿಣ ಕುಂಕುಮ ಕೊಡಾಕ ಕೈ ಎತ್ತಿದ್ಳು ನೋಡ್ರಿ, ಬಳೆ ಎಲ್ಲಾ ಮೊಣಕೈಗೆ ಜಾರಿದ್ವು."

ನಾನು ಬಾಯಿಗೆ ಒತ್ತಿಕೊಂಡಿದ್ದ ಸೆರಗು ಕೆಳಗಿಳಿಸಿದೆ. ಬೀಗಿತ್ತಿ ಎದ್ದು, ತಮ್ಮ ಸೀರೆಗೆ ಅಂಟಿದ ಕಾಳಿನ ಧೂಳು ಕೊಡವಿಕೊಂಡು, ಕೋಣೆ ಖಾಲಿ ಮಾಡ್ರಿ, ಗುರುವಾರ ಹುಡುಗಿಯನ್ನು ನಾನೇ ಕರೆತರುತ್ತೇನೆ ಎಂದರು.

ಖಾಲಿ ಮಾಡಿ ಎಲ್ಲಿಡುವುದು? ಅಡುಗೆಮನೆಯಲ್ಲಿ ಹಿಡಿದಷ್ಟು ಇಟ್ಟುಕೊಂಡು, ಮಿಕ್ಕದ್ದನ್ನು ಅತ್ತೆ ಓಣಿಗೆ ಹಂಚಿದರು. ಕಿರಾಣಿ ಅಂಗಡಿಯಲ್ಲಿ ಸಿಗದೆ ಪರದಾಡುತ್ತಿದ್ದವರಿಗೆ ಮೊದಲು ಕೊಟ್ಟರು, ಬೇಕಾದಾಗ ತಿರುಗಿ ಕೊಟ್ಟರಾಯಿತು ಎಂದು ಹೇಳಿ ಕೊಟ್ಟರು. ಕತ್ತಲಲ್ಲಿ ಬಂದ ಜೋಳ ಹಾಡುಹಗಲಲ್ಲಿ ಮನೆಮನೆಗೆ ಹೋಯಿತು. ಮಂಡಕ್ಕಿಯನ್ನು ಮಾತ್ರ ಯಾರೂ ಒಯ್ಯಲಿಲ್ಲ. ಅಷ್ಟರಲ್ಲಿ ಅದು ಮೆತ್ತಗಾಗಿತ್ತು. ಮಾವ ಅದನ್ನು ಬಿಸಿಲಿಗೆ ಹಾಕಿ, ಪಕ್ಕದಲ್ಲಿ ಕೋಲು ಹಿಡಿದು ಕೂತು, ಕಾಗೆಗಳಿಗೆ ಪೇಪರು ಓದಿ ಹೇಳಿದರು.

ಲಾರಿ ಮುಷ್ಕರ ಶುರುವಾಗಿದ್ದೂ ನಿಜ, ನಮಗೆ ಸರಿಯಾಗಿ ಗೊತ್ತಾಗುವ ಮೊದಲೇ ಮುಗಿದದ್ದೂ ನಿಜ. ಟೊಮೆಟೊ ಒಂದಿಷ್ಟು ದಿನ ಕಾಣಲಿಲ್ಲ. ಹುಣಸೆಹಣ್ಣಿನ ಸಾರು ಮಾಡಿದೆವು.

ನಾದಿನಿಗೆ ಹೆಣ್ಣು ಮಗುವಾಯಿತು. ಬೆಳ್ಳುಳ್ಳಿ ಇಳಿದ ಕೊಂಡಿಗೆ ತೊಟ್ಟಿಲು ಬಂತು. ನಮ್ಮ ಮನೆಯಲ್ಲಿ ಅತ್ತೆ ಉಣ್ಣುವುದು ಎಲ್ಲರದೂ ಆದ ಮೇಲೆ, ಅಡುಗೆಮನೆಯಲ್ಲಿ, ಒಬ್ಬರೇ. ನಾನು ಸೊಸೆಯಾಗಿ ಬಂದಾಗಿನಿಂದ ಅವರು ತಟ್ಟೆ ಹಿಡಿದದ್ದನ್ನು ಯಾರೂ ಕಂಡವರಿಲ್ಲ, ಮಾವನೂ ಸೇರಿ. ಬಾಣಂತಿಗೆ ಮೊದಲ ಸಲ ರೊಟ್ಟಿ, ತುಪ್ಪ, ಬೆಳ್ಳುಳ್ಳಿ ಪಲ್ಯ ಬಡಿಸಿದ ಮಧ್ಯಾಹ್ನ ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ನಾದಿನಿ ತುತ್ತು ಎತ್ತಿ, ಸುಮ್ಮನೆ, ಯಾವ ಮಗಳಾದರೂ ಕೇಳುವ ಹಾಗೆ, ನಿಂದು ಊಟ ಆತೇನವ್ವ ಎಂದು ಕೇಳಿದಳು.

ಅತ್ತೆ ಒಳಗೆ ಹೋದರು. ಎರಡು ರೊಟ್ಟಿ ಹಾಕಿಕೊಂಡ ತಮ್ಮ ತಟ್ಟೆ ತಂದು, ಮಂಚದ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಬಾಯಿಗೆ ಇಡುವ ಮೊದಲು ಕೈ ಎತ್ತಿ ಮಗಳಿಗೆ ತೋರಿಸಿದರು.

"ಉಣ್ಣಾಕತ್ತೀನಿ, ನೋಡು."