ಗೋಥೆನ್‌ಬರ್ಗಿನ ಪಂಕ್ ಪತ್ರಿಕೆಯ ಕೊನೆಯ ಸಂಚಿಕೆ

ಶನಿವಾರ ಬೆಳಿಗ್ಗೆ ನಾನಿರುವ ನಾರ್‌ಶೋಪಿಂಗ್ ಬಿಟ್ಟ ರೈಲು ದಾರಿಯುದ್ದಕ್ಕೂ ಮಂಜಿನೊಳಗೇ ಓಡಿತು. ನಡುವೆ ಒಮ್ಮೆ ರೈಲು ಬದಲಿಸಿ, ಡಬ್ಬಿಯ ಚಪಾತಿ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಗೋಥೆನ್‌ಬರ್ಗ್ ಸೇರಿದೆ. ಕಾರು ಕಂಪನಿಯಲ್ಲಿ ಎಂಜಿನಿಯರ್ ಆಗಿರುವ ಗೆಳತಿ ಶ್ರುತಿ ಜಿಟಿಜಿಟಿ ಮಳೆಯಲ್ಲಿ ಕಾಯುತ್ತಿದ್ದಳು.

“ನಮ್ ಪಕ್ಕದ್ಮನೆ ಬಿರ್ಗಿಟ್ಟಾ ಚಿಕ್ ವಯಸ್ಸಲ್ಲಿ ಪಂಕ್ ಮ್ಯೂಸಿಕ್ ಮ್ಯಾಗಝೀನ್ ಮಾಡ್ತಿದ್ರು ಅಂದಿದ್ನಲ್ಲ? ಇವತ್ತು ಅದನ್ನ ಅವರ ಜೊತೆ ಮಾಡ್ತಿದ್ದ ಏವಾ ಬರ್ತಿದ್ದಾರೆ ಕಣೇ. ಎಷ್ಟೋ ವರ್ಷದಿಂದ ಇಬ್ರಿಗೂ ಮಾತಿಲ್ಲ. ಬಿರ್ಗಿಟ್ಟಾಗೆ ಒಬ್ರೇ ಫೇಸ್ ಮಾಡೋಕೆ ಟೆನ್ಷನ್ ಅಂತೆ, ನಮ್ಮನ್ನೂ ಫೀಕಾಗೆ, ಅದೇ ಕಾಫಿ-ತಿಂಡಿಗೆ, ಕರ್ದಿದ್ದಾರೆ,” ಎಂದಳು ಟ್ರಾಮಿನಲ್ಲಿ.

ಬಿರ್ಗಿಟ್ಟಾ ಅವರ ಮೇಜಿನ ಮೇಲೆ ಕಾಫಿ, ಏಲಕ್ಕಿ ಬನ್ನುಗಳ ಪಕ್ಕದಲ್ಲೇ ಹಳೆಯ ಸಂಚಿಕೆಗಳು ಹರಡಿದ್ದವು. ಟೈಪ್‌ರೈಟರಿನ ಅಕ್ಷರ, ಕತ್ತರಿಸಿ ಅಂಟಿಸಿದ ಚಿತ್ರ, ಕೈಯಲ್ಲಿ ಬರೆದ ಶೀರ್ಷಿಕೆ. ದೊಡ್ಡ ಪತ್ರಿಕೆಗಳು ಕಣ್ಣೆತ್ತಿಯೂ ನೋಡದ ಪಂಕ್, ನ್ಯೂ ವೇವ್ ಸಂಗೀತದ ತಂಡಗಳೆಲ್ಲ ಅದರಲ್ಲಿದ್ದವು. ತಂಡಗಳು ಹಾಡುವ ಕ್ಲಬ್ಬಿನೊಳಗೆ ಬಿಡುವ ವಯಸ್ಸು ಆಗ ಈ ಇಬ್ಬರಿಗೂ ಆಗಿರಲಿಲ್ಲವಂತೆ. ಹಿಂಬಾಗಿಲಲ್ಲಿ ನಿಂತೇ ಹಾಡುಗಾರರನ್ನು ಮಾತಾಡಿಸುತ್ತಿದ್ದರಂತೆ. ಅಂಗಡಿಗಳು ಬೇಡವೆಂದಾಗ ಟ್ರಾಮ್ ನಿಲ್ದಾಣಗಳಲ್ಲಿ ತಾವೇ ಮಾರಿದರು. ಕಾಗದ, ಶಾಯಿಗಳ ಮೇಲೆಯೇ ಸಂಶೋಧನೆ ಮಾಡುವ ನಾನು ಆ ಪುಟಗಳನ್ನು ಮುಟ್ಟಲೂ ಹಿಂಜರಿದೆ. ಯಾರೂ ಕಲಿಸದೆ, ಯಾರ ಅಪ್ಪಣೆಗೂ ಕಾಯದೆ, ಇಬ್ಬರು ಹುಡುಗಿಯರು ಇಷ್ಟನ್ನು ಮಾಡಿದ್ದರು!

“ಆಮೇಲೆ ಯಾಕೆ ನಿಲ್ಸಿದ್ರಿ?” ಎಂದು ಕೇಳಿದೆ.

ಒಂದು ರೆಕಾರ್ಡ್ ಕಂಪನಿ ಹಿಂಬದಿಯ ಪುಟಕ್ಕೆ ಜಾಹೀರಾತು ಕೊಡಲು ಬಂದಿತ್ತಂತೆ. ಆದರೆ ಆ ಕಂಪನಿಯ ತಂಡವೊಂದರ ಬಗ್ಗೆ ಇವರು ಬರೆದ ಕಟು ವಿಮರ್ಶೆಯನ್ನು ತೆಗೆಯಬೇಕಿತ್ತು. ಒಪ್ಪದಿದ್ದರೆ ಪತ್ರಿಕೆ ಉಳಿಯುವುದಿಲ್ಲ ಎಂದರಂತೆ ಏವಾ. ಒಪ್ಪಿದರೆ ಉಳಿದೂ ಪ್ರಯೋಜನವಿಲ್ಲ ಎಂದರಂತೆ ಬಿರ್ಗಿಟ್ಟಾ. ಆ ಕೊನೆಯ ಸಂಚಿಕೆ ಅಚ್ಚಾಗಲೇ ಇಲ್ಲ. ಏವಾ ದೂರದ ಉತ್ತರದ ಊರು ಉಮೆಯೊಗೆ ಹೋಗಿಬಿಟ್ಟರು. ಈಗ ಅದನ್ನು ಹೊರತರುವ ಆಸೆಯಿಂದ ಬಿರ್ಗಿಟ್ಟಾ ಅವರೇ ಫೋನ್ ಮಾಡಿದ್ದರು.

ಕರೆಗಂಟೆ ಸದ್ದು ಮಾಡಿತು. ಒದ್ದೆ ಕೋಟಿನ ಎತ್ತರದ ಹೆಂಗಸು ಒಳಗೆ ಬಂದರು. ಬಿರ್ಗಿಟ್ಟಾ ಅವರಿಗೊಂದು ಕುರ್ಚಿ ಎಳೆದರು.

“ನೀನು ಹೇಳಿದ್ದೇ ಸರಿ ಅಂತ ಒಪ್ಪೋಕೆ ಬಂದಿಲ್ಲ,” ಎಂದರು ಏವಾ. ನಮಗಾಗಿ ಇಂಗ್ಲಿಷಿನಲ್ಲೇ ಮಾತಾಡಿದರು.

“ಗೊತ್ತು. ಕೂತ್ಕೋ.”

ಏವಾ ಕೂರಲಿಲ್ಲ. ಮೇಜಿನ ಮೇಲಿದ್ದ ಅಚ್ಚಾಗದ ಸಂಚಿಕೆಯಿಂದ, ಖಾಲಿ ಬಿದ್ದಿದ್ದ ಹಿಂಬದಿಯ ಪುಟವನ್ನು ಎತ್ತಿಕೊಂಡರು. “ಇಲ್ಲಿ ನಮ್ ಜಗಳಾನೇ ಹಾಕೋಣ. ನಾನು ಯಾಕೆ ಹೂಂ ಅಂದೆ ಅಂತ ನಾನು ಬರೀತೀನಿ. ಯಾಕೆ ಬೇಡ ಅಂದೆ ಅಂತ ನೀನು ಬರಿ.”

ಬಿರ್ಗಿಟ್ಟಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಆಮೇಲೆ ಟೈಪ್‌ರೈಟರ್ ತಂದಿಟ್ಟರು. ಸರದಿಯಲ್ಲಿ ಕುಟ್ಟಿದರು, ಒಬ್ಬರ ವಾಕ್ಯಕ್ಕೆ ಇನ್ನೊಬ್ಬರು ರೇಗಿದರು, ನಕ್ಕರು. ನಾನೂ ಶ್ರುತಿಯೂ ಅಂಟು ಹಚ್ಚಿಕೊಟ್ಟೆವು.

ಭಾನುವಾರ ಹತ್ತಿರದ ಗ್ರಂಥಾಲಯದಲ್ಲಿ ಸಂಚಿಕೆಯ ಪ್ರತಿಗಳನ್ನು ತೆಗೆಸಿದೆವು. ನನ್ನ ಟ್ರಾಮ್ ಹೊರಟಾಗ ಅವರಿಬ್ಬರೂ ನಿಲ್ದಾಣದಲ್ಲಿ ಪತ್ರಿಕೆ ಹಂಚುತ್ತಿದ್ದರು. ಒಬ್ಬಾತ ಬೇಡವೆಂದು ತಲೆಯಾಡಿಸಿ ಮುಂದೆ ನಡೆದ. ಏವಾ ಬಿಡಲಿಲ್ಲ, ಮಳೆಯಲ್ಲೇ ಅವನ ಹಿಂದೆ ಓಡಿದರು.