ಬಾಳೆಕಂದಿಗೆ ಬೆಲ್ಟು, ಚಪ್ಪರಕ್ಕೆ ದೇವರೇ ಗತಿ

ಹೋದ ಭಾನುವಾರ ಹೈವೇಯಲ್ಲಿ ಚಪ್ಪರ ಹಾಕಿದೆವು. ಗಾಡಿ ಓಡುತ್ತಿರುವಾಗಲೇ!

ನಿಟ್ಟೂರಿನಲ್ಲಿರುವ ನನ್ನ ಷಡ್ಡಕ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ತಂದು, ಒಳಗೆ ಮಂಚ, ಸ್ಟೌ, ಸಿಂಕು ಕೂರಿಸಿ, ಓಡಾಡುವ ಮನೆ ಮಾಡಿದ್ದಾನೆ. ಎಡಗಡೆ ಬಾಗಿಲ ಮೇಲೆ ಸುರುಳಿ ಸುತ್ತಿದ ದಪ್ಪ ಬಟ್ಟೆ. ಬಿಚ್ಚಿ ಎರಡು ಕಂಬಿ ಊರಿದರೆ ಚಪ್ಪರ. ಆನಿಂಗ್ ಅನ್ನಬೇಕಂತೆ. (ನಮ್ಮ ಅತ್ತೆ ಟಾರ್ಪಾಲು ಅಂತಲೇ ಕರೆದು ಅವನ ಹೊಟ್ಟೆ ಉರಿಸುತ್ತಾರೆ.)

ಹೊರಡುವ ಮುಂಚೆ ಬಟ್ಟೆ ಬಿಗಿಯಾಗಿ ಸುತ್ತಿ, ಎರಡೂ ಕಂಬಿಗೆ ಬೆಲ್ಟ್ ಕಟ್ಟಿ, ಎಳೆದು ನೋಡಿ ಅಂತ ಫಿಟ್ಟರ್ ಮೂರು ಸಲ ಹೇಳಿದ್ದನಂತೆ. ಷಡ್ಡಕ ಆ ಬೆಲ್ಟುಗಳನ್ನು ಭಕ್ತಿಯಿಂದ ಡ್ಯಾಶ್‌ಬೋರ್ಡಿನಲ್ಲಿಟ್ಟಿದ್ದ.

ಹುತ್ರಿದುರ್ಗಕ್ಕೆ ಮೊದಲ ಟ್ರಿಪ್. ಪೂಜೆಯಾಗದೆ ಗಾಡಿ ಅಲ್ಲಾಡುತ್ತದೆಯೇ? ಚಕ್ರಕ್ಕೆ ನಿಂಬೆಹಣ್ಣು ಬಂತು, ಒಡೆಯಲು ಬೂದುಗುಂಬಳ ಬಂತು, ಮುಂದಿನ ಬಂಪರಿಗೆ ಎರಡು ಬಾಳೆಕಂದು ಬಂದವು. ಕಟ್ಟಲು ಹಗ್ಗ? ಮನೆ ಸುತ್ತ ತೆಂಗಿನ ತೋಟ ಇಟ್ಟುಕೊಂಡವರ ಹತ್ತಿರ ಗೇಣುದ್ದ ಹಗ್ಗ ಇಲ್ಲ!

‘ಆ ಬೆಲ್ಟ್ ತಗೊಂಡು ಬಿಗೀರಿ ಅಣ್ಣ, ಆಮೇಲ್ ನೋಡ್ಕೊಳಣ ಬುಡಿ,’ ಅಂದ ಷಡ್ಡಕ.

ಬಿಗಿದವನು ನಾನೇ. ಎಳೆದೂ ನೋಡಿದೆ.

ಗುಬ್ಬಿ ದಾಟುತ್ತಿದ್ದಂತೆ ತಲೆಯ ಮೇಲೆ ಪಟಪಟ ಸದ್ದು ಶುರುವಾಯಿತು. ಏನೆಂದು ನನಗೆ ತಕ್ಷಣ ಗೊತ್ತಾಯಿತು. ಬಾಯಿ ಬಿಟ್ಟರೆ ನನ್ನ ಬುಡಕ್ಕೇ ಬರುತ್ತದಲ್ಲ, ಸುಮ್ಮನಿದ್ದೆ. ಷಡ್ಡಕ ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದ. ನಮ್ಮಲ್ಲಿ ರಿಪೇರಿ ಅಂದರೆ ಇದೇ ತಾನೇ?

ಎಡಗಡೆ ಹೋಗುತ್ತಿದ್ದ ಮೊಪೆಡ್ ಒಂದನ್ನು ದಾಟುವಾಗ ಚಪ್ಪರ ಧಡಾರನೆ ಬಿಚ್ಚಿಕೊಂಡಿತು. ಮೊಪೆಡ್ಡಿನಲ್ಲಿ ಗಂಡ ಹೆಂಡತಿ. ಕಂಬಿ ಆಯಮ್ಮನ ತಲೆಯಿಂದ ಗೇಣು ಮೇಲೆ ಬೀಸಿಹೋಯಿತು. ಇಬ್ಬರೂ ಗಾಡಿ ಸಮೇತ ಚರಂಡಿಗೆ ಬಿದ್ದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವರು ನಾವು, ಉಂಡವರು ಅವರು.

ಓಡಿಹೋಗಿ ಎತ್ತಿದೆವು. ಗಂಡನ ಮೊಣಕೈ ತರಚಿತ್ತು, ಅಷ್ಟೇ. ಷಡ್ಡಕ, ಏನು ಮಾಡೋದು, ಸಿಕ್ಕಾಪಟ್ಟೆ ಗಾಳಿ ಅಂದ. ನಾನೂ ಮಾನ ಬಿಟ್ಟು ಹೌದೌದು ಅಂತ ತಲೆಯಾಡಿಸಿದೆ. ಎಲೆ ಅಲುಗದಂಥ ಬಿಸಿಲು ಅವತ್ತು.

ಆಯಮ್ಮ ಸೀರೆಯ ಕೆಸರು ಕೊಡವಿಕೊಂಡು ನಮ್ಮ ಗಾಡಿಯ ಮುಂದೆ ಬಂದು ನಿಂತರು. ಬಾಳೆಕಂದು ಕಟ್ಟಿದ್ದ ಕಡೆಯಿಂದ ಕೂದಲೆಳೆಯಷ್ಟೂ ಕದಲಿರಲಿಲ್ಲ.

‘ಇದುನ್ ಮಾತ್ರ ಚೆನ್ನಾಗ್ ಕಟ್ಟಿದೀರ ಕಣಣ್ಣ,’ ಅಂದರು.

ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹುತ್ರಿದುರ್ಗ ಅಲ್ಲಿಗೇ ಕ್ಯಾನ್ಸಲ್. ಮಾರನೇ ದಿನ ಷಡ್ಡಕನ ಫೋನು. ಗಾಡಿಗೆ ಯಾರದೋ ಕಣ್ಣು ಬಿದ್ದಿದೆಯಂತೆ, ಇನ್ನೊಂದು ಪೂಜೆ ಮಾಡಿಸಿ ದೃಷ್ಟಿ ತೆಗೆಸುತ್ತಾನಂತೆ, ಬಾಳೆಕಂದು ಕಟ್ಟಲು ನಾನೇ ಬರಬೇಕಂತೆ.

ಹೋಗುತ್ತೇನೆ, ಹಗ್ಗ ತಗೊಂಡೇ ಹೋಗುತ್ತೇನೆ. ಆದರೆ ನೀವೇ ಹೇಳಿ, ದೃಷ್ಟಿ ತೆಗೆಯಬೇಕಾದದ್ದು ನಮ್ಮ ಗಾಡಿಗಾ, ನಮ್ಮಂಥವರ ಪಕ್ಕದಲ್ಲಿ ದಿನಾ ಓಡಾಡುವ ಆಯಮ್ಮನಿಗಾ?